ಉಪವಾಸವಿಲ್ಲದ ಮನೆ

“ಆ ಹೆಸರಿನವರು ನಮ್ಮ ಮನೆಯಲ್ಲಿ ಯಾರೂ ಇರ್ಲಿಲ್ಲ. ಇನ್ನೆಷ್ಟು ಸಲ ಹೇಳ್ಬೇಕು ನಿಮಗೆ?”

ಎವ್ಲಿನ್ ಬಾಯಿ ಸ್ವರ್ಣಲತಾಳ ಮೊಬೈಲನ್ನು ಮೇಜಿನ ಮೇಲೆಯೇ ಆಚೆ ತಳ್ಳಿದರು. ತಳ್ಳಿದ ರಭಸಕ್ಕೆ ಅದು ಜಾರಿಕೊಂಡು ಹೋಗಿ ನೀರಿನ ಜಗ್ಗಿಗೆ ಬಡಿದು ನಿಂತಿತು. ಸ್ವರ್ಣಲತಾ ಅದನ್ನು ಎತ್ತಿಕೊಳ್ಳಲಿಲ್ಲ. ಇಷ್ಟು ನಯವಾಗಿ ಸುಳ್ಳು ಹೇಳುವವರ ಎದುರು ಕೈಕಟ್ಟಿ ಕೂತಿರುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಾದದ್ದು ಇವತ್ತೇ.

ಹೊಸದಾಗಿ ಓದುವವರಿಗೂ ಇಷ್ಟು ಸಾಕು: ಎವ್ಲಿನ್ ಬಾಯಿಯ ತಮ್ಮ ರುಡೊಲ್ಫನ ಒಬ್ಬಳೇ ಮಗಳು ಜೆಸ್ಸಿಕಾ ಎರಡು ವಾರದಿಂದ ಅಬುಧಾಬಿಯ ಆಸ್ಪತ್ರೆಯೊಂದರ ಮಾನಸಿಕ ವಾರ್ಡಿನಲ್ಲಿ ಮಲಗಿದ್ದಾಳೆ, ಅವಳನ್ನು ಮದುವೆಯಾಗಲು ಹೊರಟಿರುವ ರಂಜಿತ್ ಸ್ವರ್ಣಲತಾಳ ಸ್ವಂತ ಅಕ್ಕನ ಮಗ.

ಮೊಬೈಲಿನ ಪರದೆಯ ಮೇಲೆ ೧೯೩೧ರ ಜನಗಣತಿಯ ಹಾಳೆಯೊಂದರ ಫೋಟೊ ಇತ್ತು. ಎಣಿಕೆ ಮುಗಿದ ಮೇಲೆ ಸರಕಾರ ಅಂಥ ಹಾಳೆಗಳನ್ನು ಕಾಪಿಟ್ಟುಕೊಳ್ಳಲಿಲ್ಲ. ಇದು ಮಂಗಳೂರಿನ ಹೊರಗಿದ್ದ ಸಾಂ ರೊಕ್ ಆಸ್ರೊ ಎಂಬ ಹುಚ್ಚರ ಆಶ್ರಮದವರು ತಮ್ಮ ಲೆಕ್ಕಕ್ಕೆಂದು ಬರೆದಿಟ್ಟುಕೊಂಡ ನಕಲು. ಶಾಲಾಮಾಸ್ತರರ ಅಕ್ಷರದಂತೆ ದುಂಡಗಿನ ಕನ್ನಡ. ನಡುವಿನ ಒಂದು ಸಾಲಿನ ಸುತ್ತ ಯಾರೋ ಕೆಂಪು ಗೆರೆ ಎಳೆದಿದ್ದರು. ಸೆರ್ಫಿನ್. ಹೆಂಗಸು. ಕ್ರೈಸ್ತ. ಮೂವತ್ತೊಂದು ವರ್ಷ. ಹುಚ್ಚು.

ಅದರ ಕೆಳಗೆ ಕಳಿಸಿದವರ ಒಕ್ಕಣೆ: ‘ನಿಮ್ಮ ಸೊಸೆಯ ಮುತ್ತಜ್ಜಿ ಇದ್ದ ಜಾಗ. ಮೊಮ್ಮಗಳಿಗೆ ಇಡ್ಲಿಕ್ಕೆ ಒಳ್ಳೆ ಹೆಸರು.’

ಜೆಸ್ಸಿಕಾ ಆಸ್ಪತ್ರೆ ಸೇರಿದ ಮರುದಿನವೇ ಈ ವಿಷ ಅಕ್ಕನ ಫೋನಿಗೆ ಬಂದಿತ್ತು. ಅಕ್ಕ ಅದನ್ನು ಓದಿ, ಊಟ ಬಿಟ್ಟು, ದೇವರ ಕೋಣೆಯ ಬಾಗಿಲು ಹಾಕಿಕೊಂಡು, ಈ ಮದುವೆ ನಡೆಯುವುದಿಲ್ಲ ಎಂದುಬಿಟ್ಟಿದ್ದಳು. ಹುಡುಗಿ ಬದುಕುತ್ತಾಳೋ ಇಲ್ಲವೋ ಎಂದು ಕೇಳುವಷ್ಟು ಪುರುಸೊತ್ತು ಅವಳಿಗಿರಲಿಲ್ಲ. ಸ್ವರ್ಣಲತಾ ಆವತ್ತು ಅಕ್ಕನ ಮೇಲೂ ಹರಿಹಾಯ್ದಿದ್ದಳು. ಈಗ ಅಕ್ಕ ಅವಳ ಫೋನು ಎತ್ತುವುದಿಲ್ಲ.

“ಹೆಸರು ಹೋಗ್ಲಿ ಬಾಯಿ,” ಎಂದಳು ಸ್ವರ್ಣಲತಾ. “ಮೆಸೇಜ್ ಕಳ್ಸಿದ್ದು ಯಾರು, ಅದನ್ನಾದ್ರೂ ಹೇಳಿ.”

“ನನಗೆಂತ ಗೊತ್ತು? ಹೊಟ್ಟೆಕಿಚ್ಚಿನವರಿಗೆ ಈ ಊರಲ್ಲಿ ಬರಗಾಲ ಉಂಟಾ? ನೀವು ಇನ್ಶೂರೆನ್ಸಿನವರು ಅಲ್ವಾ, ಪತ್ತೆ ಮಾಡಿ.”

ಶುಕ್ರವಾರದ ಮಧ್ಯಾಹ್ನ. ಖಲೀಫಾ ಸಿಟಿಯ ಆ ವಿಲ್ಲಾದ ಊಟದ ಕೋಣೆಯಲ್ಲಿ ಏಸಿಯ ಚಳಿಗೆ ಕಾಲು ಮರಗಟ್ಟುತ್ತಿತ್ತು. ಎವ್ಲಿನ್ ಬಾಯಿ ಆಗಷ್ಟೇ ಇಗರ್ಜಿಯಿಂದ ಬಂದಿದ್ದರು. ಅರವತ್ತು ದಾಟಿದ ಹೆಂಗಸು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕತ್ತಿನಲ್ಲಿ ಶಿಲುಬೆ, ಬೆರಳಿಗೆ ಸುತ್ತಿದ ಜಪಮಾಲೆ. ಅಬುಧಾಬಿಯಲ್ಲಿರುವ ಮಂಗಳೂರಿನ ಕ್ರೈಸ್ತರ ಅರ್ಧದಷ್ಟು ಜನ ಇವರ ಪ್ರಾರ್ಥನಾ ಕೂಟಕ್ಕೆ ಬಂದು ಮಂಡಿಯೂರುತ್ತಾರೆ. ಯಾರ ಮಗಳಿಗೆ ಯಾವ ಗಂಡು, ಯಾರ ಮಗನಿಗೆ ಯಾವ ಕಂಪನಿಯ ವೀಸಾ ಎಂಬುದೆಲ್ಲ ಇದೇ ಮೇಜಿನಲ್ಲಿ ತೀರ್ಮಾನವಾಗುತ್ತದೆ.

ಇಪ್ಪತ್ತು ವರ್ಷದಿಂದ ಸ್ವರ್ಣಲತಾಳ ಕೆಲಸ ಸುಳ್ಳು ಹಿಡಿಯುವುದು. ಸುಳ್ಳು ಬಿಲ್ಲು, ಸುಳ್ಳು ಬೆನ್ನುನೋವು, ಊರಿನಲ್ಲಿ ಆದ ಆಪರೇಶನ್ನನ್ನು ದುಬೈಯಲ್ಲಿ ಆದದ್ದೆಂದು ತೋರಿಸುವ ಫೈಲು. ಕಂಪನಿ ಸಂಬಳ ಕೊಡುವುದೇ ಅದಕ್ಕೆ. ಹಾಗಾಗಿ ಒಂದು ಮಾತು ಅವಳಿಗೆ ಚೆನ್ನಾಗಿ ಗೊತ್ತಿತ್ತು: ಸುಳ್ಳು ಹೇಳುವವರನ್ನು ಬೈದರೆ ಅವರು ಇನ್ನಷ್ಟು ಗಟ್ಟಿಯಾಗುತ್ತಾರೆ. ಬೈಯಬಾರದು. ಆದರೆ ಅವಳ ಬಾಯಿ ಅವಳ ಮಾತು ಕೇಳುವುದು ಕಡಿಮೆ.

“ಪತ್ತೆ ಮಾಡಿದ್ದೇನೆ,” ಎಂದಳು. “ನಿನ್ನೆ ಎಲೆಕ್ಟ್ರಾ ಸ್ಟ್ರೀಟಿಗೆ ಹೋಗಿದ್ದೆ.”

ಜಪಮಾಲೆಯ ಮಣಿ ನಿಂತಿತು.

“ಆ ಮೆಸೇಜ್ ಬಂದ ನಂಬರಿನ ಸಿಮ್ ಹೋದದ್ದು ಕುಂಞಾಲಿಯ ಅಂಗಡಿಯಿಂದ. ಒಳ್ಳೆ ಮನುಷ್ಯ. ಹೆಸರು ಹೇಳುದಿಲ್ಲ ಅಂತ ಹಟ ಹಿಡ್ದ. ಕೊನೆಗೆ ಐಡಿ ಕಾರ್ಡಿನ ಜೆರಾಕ್ಸ್ ತೆಗೆದು ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಫೋಟೊ ಮಾತ್ರ ತೋರಿಸಿದ. ಮೀಸೆ ಬೋಳಿಸಿದ್ರೂ ಗುರುತು ಸಿಗ್ತದೆ ಬಾಯಿ, ನಿಮ್ಮ ಶಾನ್.”

ಮೊದಲಿಂದ ಅವಳ ಅನುಮಾನ ಎಲ್ಲ ಇದ್ದದ್ದು ಈ ಶಾನ್ ಮೇಲೆಯೇ; ಅವನಿಗೆ ಆ ಹೆಸರು ಹೇಳಿಕೊಟ್ಟವರು ಯಾರು ಎಂಬುದೊಂದೇ ಬಾಕಿ ಇತ್ತು. ಎವ್ಲಿನ್ ಬಾಯಿಯ ಮಗ, ಮೇ ತಿಂಗಳಲ್ಲಿ ಮದುವೆ, ಜನವರಿಯಲ್ಲಿ ಊರಿಗೆ ಹೋಗಿ ಬಂದವನು. ಸಾಂ ರೊಕ್ ಆಸ್ರೊ ಈಗ ವೃದ್ಧಾಶ್ರಮವಾಗಿದೆ; ಅಲ್ಲಿಯ ಸಿಸ್ಟರುಗಳಿಗೆ ಫೋನು ಹಚ್ಚಿ ಕೇಳಿದಾಗ, ಚಂದದ ಹುಡುಗನೊಬ್ಬ ಬಂದು ಹಳೇ ಪೆಟ್ಟಿಗೆ ತೆಗೆಸಿ ಫೋಟೊ ಹೊಡೆದುಕೊಂಡು ಹೋದ ಎಂದಿದ್ದರು. ರುಡೊಲ್ಫನನ್ನು ಅವಳು ಅನುಮಾನದಿಂದ ಮೊದಲೇ ಬಿಟ್ಟಿದ್ದಳು. ಹೋಟೆಲೊಂದರ ಲೆಕ್ಕಪತ್ರ ನೋಡುವ ಆ ಸಾಧು ಮನುಷ್ಯನಿಗೆ ತಾಯಿಯ ತಾಯಿಯ ಹೆಸರೇ ಗೊತ್ತಿರಲಿಲ್ಲ. ಅಕ್ಕ ಎವ್ಲಿನ್ ನಿಲ್ಲು ಅಂದರೆ ನಿಲ್ಲುತ್ತಾನೆ, ಕೂರು ಅಂದರೆ ಕೂರುತ್ತಾನೆ.

“ಇಂಥ ಮೆಸೇಜಿಗೆ ಇಲ್ಲಿ ಎಂತ ಶಿಕ್ಷೆ ಅಂತ ಗೊತ್ತುಂಟಲ್ಲ?” ಎಂದಳು ಸ್ವರ್ಣಲತಾ. “ಒಬ್ಬರ ಮಾನ ಕಳೆಯುವ ಫೋಟೊ ಕಳ್ಸಿದ್ರೆ ಜೈಲು. ಮತ್ತೆ ಪಾಸ್‌ಪೋರ್ಟಿಗೆ ಸೀಲು ಹೊಡ್ದು ಊರಿಗೆ. ಖಲಾಸ್. ಮೇ ತಿಂಗಳ ಮದುವೆಗೆ ಗಂಡು ಇರುದಿಲ್ಲ.”

“ಮಗನನ್ನು ಎಳೀಬೇಡಿ!”

ಎವ್ಲಿನ್ ಬಾಯಿಯ ದನಿ ಮೊದಲ ಸಲ ಒಡೆಯಿತು. ಅವರು ಕುರ್ಚಿಯ ತುದಿಗೆ ಬಂದು ಕೂತರು.

“ಅವನಿಗೆಂತ ಗೊತ್ತಿಲ್ಲ. ಸಿಮ್ ತಾ ಅಂದೆ, ತಂದ. ಫೋಟೊ ತೆಗಿ ಅಂದೆ, ತೆಗ್ದ. ಕಳ್ಸಿದ್ದು ನಾನು. ಸಾಕಾ? ಆ ಹುಡುಗಿ ನಿಮ್ಮ ಜಾತಿಗೆ ಹೋಗಿ ಬೀಳುದು ಬೇಡ ಅಂತ ಕಳ್ಸಿದೆ. ಅವಳಪ್ಪನಿಗೆ ಹೇಳುವ ಗುಂಡಿಗೆ ಇಲ್ಲ, ನಾನು ಹೇಳಿದೆ.”

ಸ್ವರ್ಣಲತಾ ಇದನ್ನೇ ಕಾಯುತ್ತಿದ್ದಳು.

“ಹಾಗಾದ್ರೆ ಸೆರ್ಫಿನ್ ನಿಮ್ಮ ಮನೆಯವರೇ.”

“ನಾನು ಹಾಗೆ ಹೇಳ್ಲಿಲ್ಲ. ಯಾವುದೋ ಒಂದು ಹೆಸರಿಗೆ ಗೆರೆ ಎಳ್ದೆ. ನಿಮ್ಮ ಅಕ್ಕ ಹೆದರಿದ್ರೆ ಸಾಕಿತ್ತು ನನಗೆ.”

ಎಂಥ ಚುರುಕು ಹೆಂಗಸು. ಕಾಲಿನ ಕೆಳಗಿನ ನೆಲ ಜಾರುತ್ತಿರುವಾಗಲೂ ಪಕ್ಕದ ಕಲ್ಲಿಗೆ ಹಾರುತ್ತಾರೆ. ಸ್ವರ್ಣಲತಾಳಿಗೆ ನಗು ಬಂತು, ಆ ನಗುವಿನಲ್ಲಿ ಸಂತೋಷ ಇರಲಿಲ್ಲ.

“ಬಾಯಿ, ಆ ಹಾಳೆಯಲ್ಲಿ ಊರಿಲ್ಲ, ಗಂಡನ ಹೆಸರಿಲ್ಲ, ಮನೆ ಹೆಸರಿಲ್ಲ. ಒಂದೇ ಪುಟದಲ್ಲಿ ನಾಲ್ಕು ಜನ ಕ್ರೈಸ್ತ ಹೆಂಗಸರಿದ್ದಾರೆ. ಮೊನಿಕಾ ಉಂಟು, ಆಪ್ಲೀನ್ ಉಂಟು, ಇಜ್ಬೆಲ್ ಉಂಟು. ನೀವು ಸೆರ್ಫಿನ್‌ಗೇ ಯಾಕೆ ಗೆರೆ ಎಳೆದ್ರಿ?”

ಎವ್ಲಿನ್ ಬಾಯಿ ಸೀರೆಯ ಸೆರಗು ಸರಿಮಾಡಿಕೊಂಡರು.

“ನಿಮ್ಮಲ್ಲಿ ಮನೆಯ ಹಿರಿಯ ಹೆಣ್ಣುಮಗುವಿಗೆ ಅಜ್ಜಿಯ ಹೆಸರು ಇಡ್ತಾರಲ್ವಾ? ಕರೀಲಿಕ್ಕೆ ಬೇರೆ ಹೆಸರು, ಆದ್ರೆ ಜ್ಞಾನಸ್ನಾನದ ಹೆಸರು ಅಜ್ಜಿಯದ್ದು. ಊರಲ್ಲಾದ್ರೆ ಅದು ಯಾರಿಗೂ ಕಾಣುದಿಲ್ಲ. ಇಲ್ಲಿ ಐಡಿಯಲ್ಲಿ ಪಾಸ್‌ಪೋರ್ಟಿನ ಪೂರ್ತಿ ಹೆಸರು ಬರ್ತದೆ. ಕಳೆದ ಶುಕ್ರವಾರ ಆಸ್ಪತ್ರೆಯ ಸೆಕ್ಯುರಿಟಿಯವನ ಮುಂದೆ ನೀವು ಕಾರ್ಡ್ ಇಟ್ರಿ. ನಾನು ನಿಮ್ಮ ಹಿಂದೆಯೇ ನಿಂತಿದ್ದೆ, ಎವ್ಲಿನ್ ಸೆರಾಫಿನಾ ಬಾಯಿ.”

ಎವ್ಲಿನ್ ಬಾಯಿ ಕಣ್ಣು ಮುಚ್ಚಿದರು.

ಇಲ್ಲಿ ಸ್ವರ್ಣಲತಾ ಸುಮ್ಮನಿರಬೇಕಿತ್ತು. ಎದುರಿನವರಿಗೆ ಮೌನ ಭಾರವಾಗಲು ಬಿಡಬೇಕಿತ್ತು. ಅವಳಿಂದಾಗಲಿಲ್ಲ. ಎದ್ದು ನಿಂತೇಬಿಟ್ಟಳು.

“ಡಾಕ್ಟರ್ ಮೈಮೂನ ನಿಮ್ಮನ್ನು ಎಷ್ಟು ಸಲ ಕೇಳಿದ್ರು? ನಿಮ್ಮ ಮನೆತನದಲ್ಲಿ ಯಾರಿಗಾದ್ರೂ ಹೀಗೆ ಆಗಿತ್ತಾ ಅಂತ. ನೀವು ಜಪಮಾಲೆ ತಿರುಗಿಸ್ತಾ ಇಲ್ಲ ಅಂದ್ರಿ. ನಿಮ್ಮ ತಮ್ಮ ನಿಮ್ಮ ಮುಖ ನೋಡಿ ಇಲ್ಲ ಅಂದ. ಫೈಲಿನಲ್ಲಿ ಇಲ್ಲ ಅಂತ ಬರ್ದು ಆಯ್ತು. ಅದೇ ಅಜ್ಜಿಯನ್ನು ಮದುವೆ ಮುರೀಲಿಕ್ಕೆ ಹೊರಗೆ ತೆಗೀತೀರಿ, ಹುಡುಗಿಯ ಜೀವ ಉಳಿಸ್ಲಿಕ್ಕೆ ಕೇಳಿದ್ರೆ ಅಂಥ ಅಜ್ಜಿಯೇ ಇರ್ಲಿಲ್ಲ ಅಂತೀರಿ. ನೀವು ಮನುಷ್ಯರಾ?”

“ಮೆಲ್ಲ ಮಾತಾಡಿ. ಕೆಲಸದವಳು ಕೇಳ್ತಾಳೆ.”

“ಕೇಳ್ಲಿ! ಇಡೀ ಖಲೀಫಾ ಸಿಟಿ ಕೇಳ್ಲಿ!”

ಆ ಡಾಕ್ಟರ್ ಮೈಮೂನ ಉಳ್ಳಾಲದ ಕಡೆಯವಳು, ಆ ವಾರ್ಡಿನ ಡಾಕ್ಟರುಗಳಲ್ಲೆಲ್ಲ ಕಿರಿಯಳು. ಜೆಸ್ಸಿಕಾಳ ಕೂಗಾಟವನ್ನು, ಹೊಟ್ಟೆ ಹಿಡಿದುಕೊಂಡು ಹೊರಳುವುದನ್ನು, ಇಲ್ಲದವರ ಜೊತೆ ಮಾತಾಡುವುದನ್ನು ದೊಡ್ಡ ಡಾಕ್ಟರು ಹುಚ್ಚು ಎಂದು ಬರೆದು ಮಾತ್ರೆ ಶುರು ಮಾಡಿದ್ದರು. ಮೈಮೂನ ಮಾತ್ರ ಕಿಟಕಿಯ ಬಳಿ ಬಿಸಿಲಿಗೆ ಉಳಿದಿದ್ದ ಮೂತ್ರದ ಶೀಶೆಯನ್ನು ನೋಡಿದಳು. ಬೆಳಿಗ್ಗೆ ತಿಳಿಯಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಪುನರ್ಪುಳಿ ಶರಬತ್ತಿನ ಕಡುಗೆಂಪು ಬಣ್ಣಕ್ಕೆ ತಿರುಗಿತ್ತು.

‘ಪೋರ್ಫೀರಿಯಾ ಅಂತ ಒಂದುಂಟು ಸ್ವರ್ಣಕ್ಕ,’ ಎಂದಿದ್ದಳು ಅವಳು ಆವತ್ತು ಕಾರಿಡಾರಿನಲ್ಲಿ, ಸುತ್ತ ನೋಡಿಕೊಂಡು. ‘ತಲೆಯದ್ದಲ್ಲ, ರಕ್ತದ್ದು. ವಂಶದಲ್ಲಿ ಬರುದು. ಕೆಲವು ಮಾತ್ರೆ ತಾಗಿದ್ರೆ ಹೆಚ್ಚಾಗ್ತದೆ. ಈಗ ಕೊಡ್ತಾ ಇರುವ ಮಾತ್ರೆಯೂ ಅದ್ರಲ್ಲಿ ಒಂದು. ನಾನು ಹೇಳಿದ್ರೆ ದೊಡ್ಡವರು ನಗ್ತಾರೆ. ವಂಶದಲ್ಲಿ ಇತ್ತು ಅಂತ ಮನೆಯವರು ಒಬ್ಬರು ಬಂದು ಹೇಳಿದ್ರೆ ಮಾತ್ರೆ ನಿಲ್ಲಿಸಿ ಟೆಸ್ಟಿಗೆ ಕಳಿಸ್ತಾರೆ. ಇಲ್ಲದಿದ್ರೆ ಈ ಹುಡುಗಿ ಹುಚ್ಚಿ ಆಗಿಯೇ ಸಾಯ್ತಾಳೆ.’

ಆ ಒಬ್ಬರು ಈಗ ಎದುರಿಗೆ ಕೂತಿದ್ದರು. ಬೆರಳಿನಿಂದ ಜಪಮಾಲೆ ಬಿಚ್ಚಿ ಮೇಜಿನ ಮೇಲಿಟ್ಟರು. ಆಮೇಲೆ, ತಾನೇನು ಮಾಡುತ್ತಿದ್ದೇನೆ ಎಂಬ ಎಚ್ಚರವಿಲ್ಲದವರ ಹಾಗೆ, ಕೈಚೀಲದಿಂದ ಸಣ್ಣ ಸ್ಟೀಲಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ, ಒಂದು ಚೂರು ಓಲೆಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡರು.

ಸ್ವರ್ಣಲತಾ ನಿಂತಲ್ಲೇ ಅದನ್ನು ನೋಡಿದಳು.

ಬೆಲ್ಲ ತಿನ್ನುವುದು ತಪ್ಪಲ್ಲ. ಆದರೆ ಈಗ ಕರೆಜ್ಮಾದ ಕಾಲ. ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸ. ಅದರಲ್ಲೂ ಇವತ್ತು ಶುಕ್ರವಾರ. ಆಫೀಸಿನಲ್ಲಿ ಅವಳ ಪಕ್ಕದ ಮೇಜಿನ ಆನ್ಸೆಲ್ಮ್ ಶುಕ್ರವಾರ ಬಂದರೆ ಸಂಜೆಯವರೆಗೆ ಚಹಾವನ್ನೂ ಮುಟ್ಟುವುದಿಲ್ಲ. ಅವನನ್ನು ಅವಳು ನಿನ್ನೆಯಷ್ಟೇ ಒಂದು ವಿಷಯ ಕೇಳಿದ್ದಳು. ಹಾಳೆಯ ತಲೆಯಲ್ಲಿ ಎಣಿಕೆಯ ದಿನ ಫೆಬ್ರವರಿ ಇಪ್ಪತ್ತಾರು ಎಂದಿದೆಯಲ್ಲ, ಆ ವರ್ಷ ನಿಮ್ಮ ಕರೆಜ್ಮಾ ಯಾವಾಗ ಶುರುವಾಗಿತ್ತು ಎಂದು. ಆನ್ಸೆಲ್ಮ್ ಕಂಪ್ಯೂಟರಿನಲ್ಲಿ ನೋಡಿ, ಹುಬ್ಬೇರಿಸಿ, ಈ ವರ್ಷದ್ದೇ ತಾರೀಕು ಮೇಡಂ, ಫೆಬ್ರವರಿ ಹದಿನೆಂಟು ಎಂದಿದ್ದ. ಸೆರ್ಫಿನ್ ಆಸ್ರೊದ ಲೆಕ್ಕಕ್ಕೆ ಸಿಕ್ಕಿದ್ದು ಉಪವಾಸದ ದಿನಗಳಲ್ಲಿ. ಜೆಸ್ಸಿಕಾ ಬಿದ್ದದ್ದೂ ಉಪವಾಸದ ದಿನಗಳಲ್ಲಿ. ಇದು ಅವಳ ತಲೆಯಲ್ಲಿ ನಿನ್ನೆಯಿಂದ ಕೊರೆಯುತ್ತಿತ್ತು, ಯಾಕೆ ಎಂದು ಹೊಳೆದಿರಲಿಲ್ಲ.

ಈಗ ಹೊಳೆಯಿತು.

“ಬಾಯಿ,” ಎಂದಳು, ದನಿ ತನ್ನಿಂದ ತಾನೇ ಇಳಿದಿತ್ತು. “ನೀವು ಉಪವಾಸ ಮಾಡುದಿಲ್ಲವಾ?”

ಎವ್ಲಿನ್ ಬಾಯಿಯ ದವಡೆ ಅಲ್ಲಾಡುವುದು ನಿಂತಿತು. ಬೆಲ್ಲ ಕೆನ್ನೆಯೊಳಗೆ ಗಂಟಿನ ಹಾಗೆ ಕಾಣುತ್ತಿತ್ತು. ಊರಿಗೆಲ್ಲ ಉಪವಾಸ ಹೇಳಿಕೊಡುವ ಹೆಂಗಸು.

“ಶುಗರ್ ಉಂಟು ನನಗೆ.”

“ಶುಗರ್ ಇದ್ದವರು ಬೆಲ್ಲ ತಿಂತಾರಾ?”

ಆ ಪ್ರಶ್ನೆಗೆ ಜಾರಿಕೊಳ್ಳಲು ಪಕ್ಕದಲ್ಲಿ ಕಲ್ಲಿರಲಿಲ್ಲ. ಎವ್ಲಿನ್ ಬಾಯಿ ಡಬ್ಬಿಯ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮಾತು ಬಂದಾಗ ಅದು ಸ್ವರ್ಣಲತಾಳಿಗೆ ಹೇಳಿದ ಹಾಗಿರಲಿಲ್ಲ.

“ನಮ್ಮ ಮನೆಯ ಹೆಣ್ಣು ಉಪವಾಸ ಮಾಡ್ಬಾರ್ದು. ಕರೆಜ್ಮಾದಲ್ಲಿ ಬಾಯಲ್ಲಿ ಬೆಲ್ಲ ಇರ್ಬೇಕು. ನಾನು ದೊಡ್ಡವಳಾದಾಗ ಅಮ್ಮ ಹೇಳಿದ್ದು. ಅಮ್ಮನಿಗೆ ಅವಳ ಅಮ್ಮ ಹೇಳಿದ್ದು, ಆಸ್ರೊದ ಕಿಟಕಿಯಿಂದ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಹಸಿದ್ರೆ ಹಿಡೀತದೆ, ಅಷ್ಟೇ ಗೊತ್ತು.”

“ಹಸಿದ್ರೆ ಹಿಡೀತದೆ,” ಎಂದು ಸ್ವರ್ಣಲತಾ ಮೆಲ್ಲಗೆ ಹೇಳಿಕೊಂಡಳು. ಯಾವ ಡಾಕ್ಟರೂ ಹೇಳದೆ, ಯಾವ ಪುಸ್ತಕವೂ ಇಲ್ಲದೆ, ಈ ಮನೆಯ ಹೆಂಗಸರು ತಮ್ಮ ಕಾಯಿಲೆಗೆ ತಾವೇ ಮದ್ದು ಕಂಡುಕೊಂಡಿದ್ದರು. ತಾಯಿಯಿಂದ ಮಗಳಿಗೆ ಬಂದ ಮಾತು. ಗಂಡುಮಕ್ಕಳ ಕಿವಿಗೆ ಬಿದ್ದ ಮಾತಲ್ಲ.

“ನೀವು ನೋಡಿದ್ದೀರಾ ಅವರನ್ನು?”

“ಒಮ್ಮೆ. ಆರು ವರ್ಷ ನನಗೆ. ಅಮ್ಮ ಯಾರಿಗೂ ಹೇಳದೆ ಕರ್ಕೊಂಡು ಹೋದದ್ದು. ಸರಳಿನೊಳಗಿಂದ ಕೈ ಹಾಕಿ ನನ್ನ ಜಡೆ ಬಿಚ್ಚಿ ಪುನಃ ಹೆಣೆದು ಕೊಟ್ರು. ನೀನು ನನ್ನ ಹೆಸರಿನವಳಾ ಅಂತ ಕೇಳಿದ್ರು. ಅಜ್ಜಿ ಸರಿಯಾಗಿಯೇ ಇದ್ರು. ಅಲ್ಲಿಯ ಸಿಸ್ಟರೇ ಹೇಳಿದ್ರು, ಇವರಿಗೆಂತದೂ ಇಲ್ಲ, ಕರ್ಕೊಂಡು ಹೋಗಿ ಅಂತ.”

“ಮತ್ತೆ?”

“ಮತ್ತೆಂತ ಮತ್ತೆ?” ಎವ್ಲಿನ್ ಬಾಯಿ ತಟ್ಟನೆ ತಲೆಯೆತ್ತಿದರು. ಕಣ್ಣು ಕೆಂಪಾಗಿತ್ತು, ನೀರಿರಲಿಲ್ಲ. “ಮನೆಗೆ ತಂದ್ರೆ ನಮ್ಮನ್ನು ಯಾರು ಮದುವೆ ಆಗ್ತಿದ್ರು? ತರದೇ ಇದ್ದಾಗಲೇ ನನಗೆ ಮೂರು ಸಂಬಂಧ ತಪ್ಪಿತು. ‘ಪಿಶ್ಯಾಂಚೆಂ ಘರ್’ ಅಂತ ಹೇಳಿ ಹೋದ್ರು, ಹುಚ್ಚರ ಮನೆ ಅಂತ. ಕೊನೆಗೆ ಇಬ್ಬರು ಮಕ್ಕಳ ವಿಧುರನಿಗೆ ಕಟ್ಟಿದ್ರು ನನ್ನನ್ನು. ನಿಮಗೆಂತ ಗೊತ್ತು ಅದು? ನಿಮ್ಮ ಮನೆಯಲ್ಲಿ ಸರಳಿನ ಹಿಂದೆ ಯಾರಿದ್ರು?”

ಸ್ವರ್ಣಲತಾಳಿಗೆ ಒಂದು ಕ್ಷಣ ಆ ಮೂರು ಸಂಬಂಧ ತಪ್ಪಿದ ಹುಡುಗಿ ಕಂಡಳು. ಕನಿಕರ ಬರಬೇಕಿತ್ತು, ಬಂತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಎದ್ದು ನಿಂತು ಆ ಕನಿಕರವನ್ನು ಒದ್ದು ಹೊರಗೆ ಹಾಕಿತು.

“ಜೆಸ್ಸಿಕಾಳ ಅಮ್ಮ ಅವಳು ಸಣ್ಣದಿರುವಾಗಲೇ ತೀರಿಹೋದ್ರು. ಬೆಲ್ಲದ ಮಾತು ಅವಳಿಗೆ ಯಾರು ಹೇಳ್ಬೇಕಿತ್ತು?”

ಎವ್ಲಿನ್ ಬಾಯಿ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ನೀವು ಹೇಳ್ಬೇಕಿತ್ತು. ಬೇರೆ ಯಾರಿದ್ದಾರೆ ಅವಳಿಗೆ? ಹೇಳ್ಲಿಲ್ಲ. ಅದು ಬಿಡಿ. ಈ ವರ್ಷ ಉಪವಾಸ ಮಾಡು ಅಂತ ಅವಳಿಗೆ ಹೇಳಿದ್ದು ಯಾರು? ರಂಜಿತ್ ನನ್ನತ್ರ ಹೇಳಿದ್ದಾನೆ, ಅವಳು ನಲವತ್ತು ದಿನ ಒಂದು ಹೊತ್ತು ಮಾತ್ರ ಗಂಜಿ ನೀರು ಕುಡೀತೇನೆ ಅಂತ ಹರಕೆ ಹೊತ್ತದ್ದು. ಆಂಟಿ ಹೇಳಿದ್ದು, ಹರಕೆ ಮುಗಿದ್ರೆ ಮನಸ್ಸಿಗೆ ದಾರಿ ಕಾಣ್ತದೆ ಅಂತ. ಯಾವ ಆಂಟಿ ಬಾಯಿ?”

“ನಾನು ಅಷ್ಟು ಆಗ್ತದೆ ಅಂತ…”

“ಗೊತ್ತಿತ್ತು ನಿಮಗೆ!” ಸ್ವರ್ಣಲತಾ ಮೇಜಿಗೆ ಬಡಿದಳು. ಬೆಲ್ಲದ ಡಬ್ಬಿ ಹಾರಿ ಕೆಳಗೆ ಬಿತ್ತು. “ಹಸಿದ್ರೆ ಹಿಡೀತದೆ ಅಂತ ಈಗಷ್ಟೇ ನಿಮ್ಮ ಬಾಯಲ್ಲೇ ಬಂತು. ನಿಮ್ಮ ಬಾಯಲ್ಲಿ ಬೆಲ್ಲ ಇಟ್ಕೊಂಡು ಅವಳಿಗೆ ಹಸಿವು ಕೊಟ್ರಿ!”

ಅಡುಗೆಮನೆಯ ಬಾಗಿಲಲ್ಲಿ ಕೆಲಸದವಳ ಮುಖ ಇಣುಕಿ ಮರೆಯಾಯಿತು.

“ಎದ್ದೇಳಿ,” ಎಂದಳು ಸ್ವರ್ಣಲತಾ. “ಯಲ್ಲಾ, ಹೊರಡಿ. ಈಗಲೇ ಆಸ್ಪತ್ರೆಗೆ. ನನಗೆ ಹೇಳಿದ್ದನ್ನೇ ಆ ದೊಡ್ಡ ಡಾಕ್ಟರಿಗೆ ಹೇಳಿ. ಇನ್ನೊಂದು ಮಾತ್ರೆ ಅವಳ ಬಾಯಿಗೆ ಹೋಗುವ ಮೊದಲು ಹೇಳಿ.”

ಎವ್ಲಿನ್ ಬಾಯಿ ಏಳಲಿಲ್ಲ. ಅಷ್ಟರಲ್ಲಿ ಜಗ್ಗಿನ ಪಕ್ಕದಲ್ಲಿ ಮೊಬೈಲು ಗುರುಗುಟ್ಟಿತು. ರಂಜಿತ್. ಸ್ವರ್ಣಲತಾ ಬೆರಳು ಒತ್ತಿ ಸ್ಪೀಕರಿಗೆ ಹಾಕಿದಳು.

“ಚಿಕ್ಕಮ್ಮ!” ಹುಡುಗ ಏದುಸಿರು ಬಿಡುತ್ತಿದ್ದ. “ಬೆಡ್ ಖಾಲಿ ಉಂಟು! ಅವಳಿಲ್ಲ! ನಿನ್ನೆ ಸಂಜೆ ಅವಳಪ್ಪ ಬಂದು ಸೈನ್ ಹಾಕಿ ಕರ್ಕೊಂಡು ಹೋಗಿದ್ದಾರಂತೆ. ಡಾಕ್ಟರ್ ಬೇಡ ಅಂದ್ರೂ ಕೇಳ್ಲಿಲ್ಲವಂತೆ. ಫೋನ್ ಸ್ವಿಚ್ ಆಫ್. ಮನೆಗೆ ಬೀಗ.”

“ಮೈಮೂನ ಇದ್ದಾರಾ ಅಲ್ಲಿ?”

ಫೋನು ಕೈ ಬದಲಾದ ಸದ್ದು. ಮೈಮೂನಳ ದನಿ ಬಂತು. “ಸ್ವರ್ಣಕ್ಕ, ನಿನ್ನೆ ನನ್ನ ಡ್ಯೂಟಿ ಇರ್ಲಿಲ್ಲ. ಅವಳಿಗೆ ಗ್ಲೂಕೋಸ್ ಡ್ರಿಪ್ ಹಾಕಿಸಿದ್ದೆ ನಾನು, ಅದನ್ನೂ ತೆಗೆದು ಹೋಗಿದ್ದಾರೆ. ಎಲ್ಲಿದ್ರೂ ಸರಿ, ಮೊದಲು ಅವಳ ಹೊಟ್ಟೆಗೆ ಸಿಹಿ ಹೋಗ್ಬೇಕು. ಸಕ್ಕರೆ ನೀರಾದ್ರೂ ಸಾಕು. ಹೋಗದಿದ್ರೆ ಕೈಕಾಲು ಬೀಳ್ತದೆ. ಆಮೇಲೆ ಉಸಿರು. ಅರ್ಥ ಆಯ್ತಲ್ಲ?”

ಸ್ವರ್ಣಲತಾ ಎವ್ಲಿನ್ ಬಾಯಿಯ ಕಡೆ ತಿರುಗಿದಳು. ಅವರು ಜಪಮಾಲೆಯನ್ನು ಮತ್ತೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಆ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ.

“ಎಲ್ಲಿದ್ದಾಳೆ?”

“ಪ್ರಾರ್ಥನೆಯಲ್ಲಿ.”

“ಎಂಥ ಪ್ರಾರ್ಥನೆ?”

“ಮೂರು ದಿನದ್ದು. ಊರಿಂದ ಒಬ್ಬರು ಬಂದಿದ್ದಾರೆ. ದುಬೈಯಲ್ಲಿ ಒಂದು ಫ್ಲಾಟಲ್ಲಿ. ಹುಚ್ಚಿಗೆ ಮಾತ್ರೆ ಅಲ್ಲ, ಇದೇ ಮದ್ದು ಅಂತ ರುಡೊಲ್ಫ್‌ಗೆ ಹೇಳಿದೆ.”

“ಉಪವಾಸ ಪ್ರಾರ್ಥನೆಯಾ?”

ಎವ್ಲಿನ್ ಬಾಯಿ ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಫೋನಿನ ಆಚೆ ರಂಜಿತ್ ಏನೋ ಕೂಗಿದ. ಸ್ವರ್ಣಲತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿನ್ನೆ ಸಂಜೆಯಿಂದ. ಅನ್ನವಿಲ್ಲ, ನೀರಿಲ್ಲ, ಡ್ರಿಪ್ಪೂ ಇಲ್ಲ. ಸುತ್ತ ಕೂತು ಹಾಡುವ ಜನ. ಮಗಳು ಒದ್ದಾಡಿದರೆ ದೆವ್ವ ಬಿಡುತ್ತಿದೆ ಎಂದು ಕೈಮುಗಿಯುವ ಅಪ್ಪ.

“ಯಾವ ಫ್ಲಾಟು?” ಎಂದಳು ಸ್ವರ್ಣಲತಾ. “ಬಾಯಿ, ಕಾಲು ಹಿಡೀತೇನೆ. ಬೈದದ್ದೆಲ್ಲ ಮರ್ತುಬಿಡಿ. ಶಾನ್ ವಿಷಯ ನಾನು ಯಾರತ್ರವೂ ಬಾಯಿ ಬಿಡುದಿಲ್ಲ. ಯಾವ ಏರಿಯಾ, ಯಾವ ಬಿಲ್ಡಿಂಗು, ಅದೊಂದು ಹೇಳಿ.”

ಎವ್ಲಿನ್ ಬಾಯಿ ಫೋನಿನ ಕಡೆ ಗಲ್ಲ ಚಾಚಿದರು.

“ಹೇಳ್ತೇನೆ. ನನಗೂ ಅವಳು ಸಾಯುದು ಬೇಡ, ನನ್ನ ತಮ್ಮನ ಮಗಳು ಅವಳು. ಮೊದ್ಲು ಆ ಹುಡುಗ ಹೇಳ್ಲಿ.”

“ಎಂತ ಹೇಳ್ಬೇಕು?”

“ಬಿಟ್ಟೆ ಅಂತ. ಇನ್ನು ಅವಳ ಮುಖ ನೋಡುದಿಲ್ಲ ಅಂತ. ಅವನ ದೇವರ ಮೇಲೆ ಆಣೆ ಹಾಕಿ ಹೇಳ್ಲಿ, ನಾನು ಕೇಳ್ಬೇಕು. ಅಷ್ಟೇ. ಮತ್ತೆ ನಾನೇ ಗಾಡಿಯಲ್ಲಿ ಕೂತು ದಾರಿ ತೋರಿಸ್ತೇನೆ.”

ಜೀವದ ಮೇಲೆ ಬೆಲೆಚೀಟಿ ಅಂಟಿಸಿ ಇಡುವವರನ್ನು ಸ್ವರ್ಣಲತಾ ತನ್ನ ಕೆಲಸದಲ್ಲಿ ಬೇಕಾದಷ್ಟು ನೋಡಿದ್ದಳು. ಸ್ವಂತ ರಕ್ತಕ್ಕೆ ಅಂಟಿಸಿದವರನ್ನು ನೋಡಿದ್ದು ಇದೇ ಮೊದಲು. ಕೊರಳು ಹಿಸುಕಿಬಿಡುವಷ್ಟು ಸಿಟ್ಟು ಬಂತು. ಆದರೆ ಆ ಕೊರಳೊಳಗೆ ಒಂದು ವಿಳಾಸ ಇತ್ತು.

ಅವಳು ಫೋನಿನ ಮೇಲೆ ಬಾಗಿದಳು. ಸುಳ್ಳು ಹಿಡಿಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳ ಬಾಯಿಂದ ಆ ಮಾತು ಬಂತು.

“ಪಣ್ಲ ಮಗಾ. ಹೇಳಿಬಿಡು. ಬಾಯಿಮಾತಿಗೆ ಹೇಳು, ಏನಾಗುದಿಲ್ಲ. ಬಿಟ್ಟೆ ಅಂತ ಹೇಳು ರಂಜಿತ್.”

ಆಚೆಯಿಂದ ಉಸಿರು ಮಾತ್ರ ಕೇಳಿಸಿತು. ಹೇಳು, ಹೇಳು ಎಂದು ಅವಳು ಮನಸ್ಸಿನಲ್ಲೇ ಅವನನ್ನು ದೂಡಿದಳು. ಒಂದು ಶಬ್ದ, ಅಷ್ಟೇ. ಆದರೆ ಅವನು ಇಪ್ಪತ್ತೊಂಬತ್ತರ ಹುಡುಗ. ಖಾಲಿ ಮಂಚದ ಪಕ್ಕದಲ್ಲಿ ನಿಂತಿದ್ದ. ಚಿಕ್ಕಮ್ಮನ ಮೂಗಿನ ತುದಿಯ ಕೋಪ ಅವನಿಗೂ ಬಂದಿತ್ತು.

“ಯಾರನ್ನು ಬಿಡುದು?” ಎಂದು ಅವನು ಅರಚಿದ. “ಅವಳು ನನ್ನ ಹೆಂಡತಿ! ಕೇಳ್ತಾ ಉಂಟಾ ಆ ಹೆಂಗಸಿಗೆ? ಡಿಸೆಂಬರಲ್ಲೇ ಊರಲ್ಲಿ ರಿಜಿಸ್ಟರ್ ಆಗಿದೆ ನಮ್ಮದು! ನನ್ನ ಸೈನ್ ಇಲ್ಲದೆ ನನ್ನ ಹೆಂಡತಿಯನ್ನು ಎಲ್ಲಿಗೆ ಕರ್ಕೊಂಡು ಹೋದ್ರಿ? ಪೊಲೀಸ್ ಕರೀತೇನೆ ನಾನು!”

ಸ್ವರ್ಣಲತಾ ಕಣ್ಣು ಮುಚ್ಚಿದಳು. ತೆರೆದಾಗ ಎವ್ಲಿನ್ ಬಾಯಿ ಎದ್ದು ನಿಂತಿದ್ದರು. ಇಷ್ಟು ಹೊತ್ತು ಅವರು ಹಿಡಿದು ಕೂತಿದ್ದ ಚೌಕಾಶಿಯಲ್ಲಿ ಕೊಳ್ಳಲು ಈಗ ಏನೂ ಉಳಿದಿರಲಿಲ್ಲ.

ಅವರು ಮೇಜಿನ ಮೇಲೆ ಬಾಗಿ, ಫೋನಿಗೆ ಬಾಯಿ ಹತ್ತಿರ ತಂದರು.

“ಗಂಡ ಅಲ್ವಾ ನೀನು?” ಎಂದರು. “ಹಾಗಾದ್ರೆ ನಿನ್ನ ಹೆಂಡತಿಯನ್ನು ನೀನೇ ಹುಡ್ಕಿಕೊ.”